ಶ್ರೀನಿವಾಸಪುರದ 11 ಚುನಾವಣೆ, ಇಬ್ಬರು ಶಾಸಕರು: ಅವಧಿ ಮಿತಿ ತಿದ್ದುಪಡಿಗೆ ಒಂದು ಪರೀಕ್ಷೆ

1978ರಿಂದ 2023ರವರೆಗೆ ಕರ್ನಾಟಕ ವಿಧಾನಸಭೆಗೆ 11 ಸಾರ್ವತ್ರಿಕ ಚುನಾವಣೆಗಳು ನಡೆದಿವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಕ್ಷೇತ್ರದಲ್ಲಿ ಈ ಹನ್ನೊಂದರಲ್ಲೂ ಗೆದ್ದವರು ಇಬ್ಬರೇ: ಕೆ.ಆರ್. ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ. ರಮೇಶ್ ಕುಮಾರ್ 1978, 1985, 1994, 2004, 2013 ಮತ್ತು 2018ರಲ್ಲಿ ಗೆದ್ದರು. ವೆಂಕಟಶಿವಾರೆಡ್ಡಿ 1983, 1989, 1999, 2008 ಮತ್ತು 2023ರಲ್ಲಿ ಗೆದ್ದರು. ಒಬ್ಬರಿಗೆ ಆರು, ಇನ್ನೊಬ್ಬರಿಗೆ ಐದು. ಮೂರನೆಯ ಹೆಸರು ಆ ಪಟ್ಟಿಯಲ್ಲಿಲ್ಲ.

ಶಾಸಕರಿಗೆ ಅವಧಿ ಮಿತಿ ಹಾಕುವ ಸಂವಿಧಾನ ತಿದ್ದುಪಡಿಯ ಮಾತು ಬಂದಾಗಲೆಲ್ಲ ಜನ ಇಂಥ ಕ್ಷೇತ್ರಗಳ ಕಡೆ ಬೆರಳು ತೋರಿಸುತ್ತಾರೆ. 45 ವರ್ಷ ಇಬ್ಬರದೇ ಆಳ್ವಿಕೆಯಾದರೆ ಇನ್ನೊಬ್ಬರಿಗೆ ಬಾಗಿಲು ತೆರೆಯುವುದು ಯಾವಾಗ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತಿದ್ದುಪಡಿಯ ಪದಗಳನ್ನು ಕೈಗೆತ್ತಿಕೊಂಡು ಶ್ರೀನಿವಾಸಪುರದ ಲೆಕ್ಕಕ್ಕೆ ಹಚ್ಚಿ ನೋಡಿದರೆ ಏನಾಗುತ್ತದೆ? ನಾನು ರಾಜ್ಯಶಾಸ್ತ್ರ ಪಾಠ ಮಾಡುವವನು. ಕಾಲೇಜಿನ ಯುವ ಸಂಸತ್ತಿಗೆ ನಮ್ಮ ವಿದ್ಯಾರ್ಥಿಗಳು ಇದೇ ವಿಷಯದ ಮೇಲೆ ಒಂದು ತಿದ್ದುಪಡಿ ಕರಡು ಬರೆದಿದ್ದರು. ಆ ಕರಡನ್ನು ಈ ಒಂದು ಕ್ಷೇತ್ರದ ಮೇಲೆ ಪರೀಕ್ಷಿಸಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರು ನಾಯಕರ ಗುಣದೋಷ ತೂಗುವುದು ಇದರ ಉದ್ದೇಶವಲ್ಲ. ಇಬ್ಬರೂ ಪ್ರತಿ ಸಲ ಜನರ ಮುಂದೆ ನಿಂತು, ಮತ ಪಡೆದೇ ಗೆದ್ದವರು.

ಕರಡಿನ ಮುಖ್ಯ ಸಾಲು ಹೀಗಿತ್ತು: ಸತತವಾಗಿ ಎರಡು ಅವಧಿಗೆ ವಿಧಾನಸಭೆಯ ಸದಸ್ಯರಾಗಿದ್ದವರು ಅದರ ಮುಂದಿನ ಚುನಾವಣೆಗೆ ಸ್ಪರ್ಧಿಸುವಂತಿಲ್ಲ. ಒಂದು ಅವಧಿ ಬಿಟ್ಟು ಮತ್ತೆ ಬರಬಹುದು.

ಮೊದಲ ಪರೀಕ್ಷೆ

ಈ ಸಾಲು ಶ್ರೀನಿವಾಸಪುರದಲ್ಲಿ 1978ರಿಂದಲೂ ಜಾರಿಯಲ್ಲಿತ್ತು ಎಂದುಕೊಳ್ಳೋಣ. ಯಾರನ್ನು, ಯಾವಾಗ ತಡೆಯುತ್ತಿತ್ತು?

2013ರವರೆಗೂ ಯಾರನ್ನೂ ತಡೆಯುತ್ತಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಇಬ್ಬರಲ್ಲಿ ಯಾರೂ ಸತತ ಎರಡು ಸಲ ಗೆದ್ದಿರಲಿಲ್ಲ. 2018ರಲ್ಲಿ ರಮೇಶ್ ಕುಮಾರ್ ಆ ಸರಣಿ ಮುರಿದು ಎರಡನೇ ಸಲ ಸತತವಾಗಿ ಗೆದ್ದರು. ಹಾಗಾಗಿ ಈ ನಿಯಮ ತಡೆಯುತ್ತಿದ್ದದ್ದು ಒಂದೇ ಸ್ಪರ್ಧೆಯನ್ನು, 2023ರಲ್ಲಿ ಅವರದನ್ನು. ಆ ಚುನಾವಣೆಯಲ್ಲಿ ಮತದಾರರೇ ಅವರನ್ನು ಸೋಲಿಸಿದರು. ಅಂದರೆ 45 ವರ್ಷಗಳ ಉದ್ದಕ್ಕೂ ಈ ತಿದ್ದುಪಡಿ ಜಾರಿಯಲ್ಲಿದ್ದಿದ್ದರೂ ಕ್ಷೇತ್ರದ ಗೆದ್ದವರ ಪಟ್ಟಿ ಒಂದಕ್ಷರವೂ ಬದಲಾಗದೆ ಉಳಿಯುತ್ತಿದ್ದಿರಬಹುದು.

ಇದನ್ನು ಕಪ್ಪು ಹಲಗೆಯ ಮೇಲೆ ಬರೆದಾಗ ಕರಡು ಬರೆದ ಗುಂಪು ಪೆಚ್ಚಾಯಿತು. ಶ್ರೀನಿವಾಸಪುರ ತಾಲ್ಲೂಕಿನಿಂದಲೇ ದಿನಾ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ ಎದ್ದು, "ಸಾರ್, ಹಂಗಂದ್ರೆ ನಮ್ಮ ಜನ ಆಗ್ಲೇ ಮಿತಿ ಹಾಕವ್ರೆ. 2018 ಒಂದ್ಸಲ ಬಿಟ್ರೆ ಒಬ್ರಿಗೂ ಸತತ ಎರಡನೇ ಸಲ ಕೊಟ್ಟಿಲ್ಲ. ಆದ್ರೂ ಬದಲಾಗ್ಲಿಲ್ವಲ್ಲ?" ಎಂದಳು.

ಈ ಪ್ರಕರಣದ ಗಂಟು ಇರುವುದೇ ಅಲ್ಲಿ. 1983ರಿಂದ 2023ರವರೆಗಿನ ಹತ್ತು ಚುನಾವಣೆಗಳಲ್ಲಿ ಒಂಬತ್ತು ಸಲ ಹಾಲಿ ಶಾಸಕರ ಕೈಯಿಂದ ಸ್ಥಾನ ತಪ್ಪಿದೆ. ಅಮೆರಿಕದ ಯಾವ ರಾಜ್ಯದ ಸಂವಿಧಾನವೂ ಶಾಸಕರಿಗೆ ಇಷ್ಟು ಬಿಗಿಯಾದ ಮಿತಿ ಹಾಕಿಲ್ಲ. ಶ್ರೀನಿವಾಸಪುರದ ಮತದಾರ ಒಂದೇ ಅವಧಿಯ ಮಿತಿಯನ್ನು ಬೆರಳಿನ ಶಾಯಿಯಲ್ಲೇ ಬರೆದುಬಿಟ್ಟಿದ್ದ. ರಾಜ್ಯ ಮಟ್ಟದಲ್ಲೂ ಇದೇ ಕಥೆ: 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮರಳಿ ಗೆದ್ದದ್ದು ಬಿಟ್ಟರೆ ಆಮೇಲೆ ಯಾವ ಆಡಳಿತ ಪಕ್ಷವೂ ಮುಂದಿನ ಚುನಾವಣೆ ಗೆದ್ದು ಅಧಿಕಾರಕ್ಕೆ ಮರಳಿಲ್ಲ. ನಮ್ಮಲ್ಲಿ ಅಧಿಕಾರದಲ್ಲಿರುವವರನ್ನು ಇಳಿಸುವುದಕ್ಕೆ ಕಾನೂನಿನ ಆಸರೆ ಬೇಕಿಲ್ಲ. ಇಳಿಸಿದ ಮೇಲೆ ಯಾರನ್ನು ಏರಿಸಬೇಕು ಎಂಬಲ್ಲಿ ಆಯ್ಕೆ ಕಿರಿದಾಗಿದೆ.

ಎರಡನೇ ಪರೀಕ್ಷೆ: ಜೀವಮಾನದ ಮಿತಿ

ಸತತ ಎಂಬ ಪದ ಕಿತ್ತುಹಾಕಿ, ಜೀವಮಾನದಲ್ಲಿ ಒಟ್ಟು ಮೂರೇ ಅವಧಿ ಎಂದು ಬರೆದರೆ? ಆಗ ಚಿತ್ರ ಪೂರ್ತಿ ಬದಲಾಗುತ್ತದೆ. ರಮೇಶ್ ಕುಮಾರ್ ಅವರ ಮೂರನೇ ಗೆಲುವು 1994ರದ್ದು, ವೆಂಕಟಶಿವಾರೆಡ್ಡಿಯವರದ್ದು 1999ರದ್ದು. 2004ರಿಂದ ಈಚಿನ ಐದೂ ಚುನಾವಣೆಗಳಲ್ಲಿ ಇಬ್ಬರೂ ಶಾಸಕರಾಗುವಂತಿರಲಿಲ್ಲ.

ಇದರಿಂದ ಕಳೆದುಕೊಳ್ಳುವುದೂ ಇದೆ. 2016ರಲ್ಲಿ ಆರೋಗ್ಯ ಸಚಿವರಾದ ರಮೇಶ್ ಕುಮಾರ್, 2017ರಲ್ಲಿ ಖಾಸಗಿ ಆಸ್ಪತ್ರೆಗಳ ನಿಯಂತ್ರಣದ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದರು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಮಾಡಿದರು, ಮಸೂದೆಯ ಕೆಲವು ಅಂಶಗಳು ಸಡಿಲವಾದವು, ಕೊನೆಗೆ ಅಂಗೀಕಾರವಾಯಿತು. ಮೊದಲ ಸಲ ಗೆದ್ದ ಶಾಸಕರೊಬ್ಬರು ಅಷ್ಟು ದೊಡ್ಡ ಒತ್ತಡದ ಎದುರು ನಿಲ್ಲುತ್ತಿದ್ದರೇ? ಅನುಮಾನ. ಸದನದ ನಿಯಮ, ಇಲಾಖೆಯ ಕಡತ, ಲಾಬಿಯವರ ಮುಖಪರಿಚಯ ಇವೆಲ್ಲ ವರ್ಷಗಳಿಂದ ಬರುವ ವಿದ್ಯೆ.

ಈ ವಿಷಯದಲ್ಲಿ ಅಮೆರಿಕದ ರಾಜ್ಯಗಳ ಅನುಭವ ನಮಗೆ ಪಾಠ. 1990ರಲ್ಲಿ ಓಕ್ಲಹೋಮಾ, ಕ್ಯಾಲಿಫೋರ್ನಿಯಾ ಮತ್ತು ಕೊಲೊರಾಡೊ ರಾಜ್ಯಗಳು ಮತದಾರರ ನೇರ ಮತದಿಂದ ಶಾಸಕರಿಗೆ ಅವಧಿ ಮಿತಿ ಹಾಕಿದವು. ಕ್ಯಾಲಿಫೋರ್ನಿಯಾದಲ್ಲಿ ಕೆಳಮನೆಗೆ 6 ವರ್ಷ, ಮೇಲ್ಮನೆಗೆ 8 ವರ್ಷ. 1964ರಲ್ಲಿ ಮೊದಲು ಗೆದ್ದು 1980ರಿಂದ ಸ್ಪೀಕರ್ ಕುರ್ಚಿಯಲ್ಲಿದ್ದ ವಿಲ್ಲಿ ಬ್ರೌನ್ ಆ ಪ್ರಚಾರದ ಮುಖ್ಯ ಗುರಿ. ಮಿತಿ ಬಂತು. ಬ್ರೌನ್ ಶಾಸನಸಭೆ ಬಿಟ್ಟರು, 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಯರ್ ಆದರು. ಮಿಷಿಗನ್ 1992ರಲ್ಲಿ ಇದೇ 6 ಮತ್ತು 8 ವರ್ಷಗಳ ಮಿತಿ ತಂದಿತು. ಕಾಲಕ್ರಮೇಣ ಎರಡೂ ಕಡೆ ಒಂದೇ ದೂರು ಕೇಳಿಬಂತು: ಕಾನೂನು ಮಾಡುವವರು ಹೊಸಬರು, ಆದರೆ ಅಧಿಕಾರಿಗಳು ಮತ್ತು ಲಾಬಿ ಮಾಡುವವರು ಹಳಬರು. ಅಧ್ಯಯನ ಮಾಡಿದ ವಿದ್ವಾಂಸರೂ ಮಿತಿಯಿಂದ ಶಾಸಕಾಂಗದ ಬಲ ಕುಗ್ಗಿ ಕಾರ್ಯಾಂಗದ ಬಲ ಹೆಚ್ಚಿತು ಎಂಬುದನ್ನು ಮತ್ತೆ ಮತ್ತೆ ಗುರುತಿಸಿದ್ದಾರೆ. ಕ್ಯಾಲಿಫೋರ್ನಿಯಾ 2012ರಲ್ಲೂ ಮಿಷಿಗನ್ 2022ರಲ್ಲೂ ನಿಯಮ ಬದಲಿಸಿಕೊಂಡವು: ಎರಡೂ ಮನೆ ಸೇರಿ ಒಟ್ಟು 12 ವರ್ಷ, ಅದನ್ನು ಒಂದೇ ಮನೆಯಲ್ಲಿ ಕಳೆದರೂ ಸರಿ. ಐಡಾಹೋ 2002ರಲ್ಲಿ, ಯೂಟಾ 2003ರಲ್ಲಿ ಮಿತಿಯನ್ನೇ ರದ್ದು ಮಾಡಿದವು. 2022ರಲ್ಲಿ ನಾರ್ತ್ ಡಕೋಟಾ ಹೊಸದಾಗಿ ಸೇರಿಕೊಂಡಿತು.

ಕೋಲಾರದವರಿಗೆ ಈ ದೂರು ಅರ್ಥವಾಗಲು ಅಮೆರಿಕದವರೆಗೆ ಹೋಗಬೇಕಿಲ್ಲ, ನೀರಿನ ಯೋಜನೆ ನೋಡಿದರೆ ಸಾಕು. ಪಶ್ಚಿಮ ಘಟ್ಟದ ನೀರನ್ನು ಕೋಲಾರದ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಅಡಿಗಲ್ಲು ಬಿತ್ತು. ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆಯಾಗಿದ್ದು 2024ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬಂತು, ಬಂದ ಕೂಡಲೇ ನೊರೆಯ ವಿವಾದ, ನ್ಯಾಯಾಲಯದ ತಡೆ. ಆ ನೀರಿನ ಶುದ್ಧತೆಯ ಬಗ್ಗೆ ರೈತ ಸಂಘಟನೆಗಳು ಎತ್ತಿದ ಪ್ರಶ್ನೆಗಳನ್ನು ನಾನು ಗೌರವಿಸುತ್ತೇನೆ. ಆದರೆ ಎತ್ತಿನಹೊಳೆಯಂಥ ಒಂದು ನೀರಿನ ಯೋಜನೆ ಕಾಗದದಿಂದ ಕೆರೆಗೆ ಇಳಿಯಲು ಎರಡು ಅವಧಿ ಸಾಲುವುದಿಲ್ಲ ಎಂಬುದು ಖಚಿತ. ಜಿಲ್ಲಾಧಿಕಾರಿ ಎರಡು ಮೂರು ವರ್ಷಕ್ಕೆ ವರ್ಗವಾಗುತ್ತಾರೆ, ಎಂಜಿನಿಯರ್‌ಗಳು ವರ್ಗವಾಗುತ್ತಾರೆ. ಶಾಸಕರೂ ಕಡ್ಡಾಯವಾಗಿ ಹೊಸಬರಾದರೆ ಹಳೆಯ ಭರವಸೆಯನ್ನು ನೆನಪಿಸಿ ಜಗಳ ಮಾಡುವವರು ಯಾರು? ಗುತ್ತಿಗೆದಾರರಷ್ಟೇ ಹಳಬರಾಗಿ ಉಳಿಯುತ್ತಾರೆ.

ಅವಧಿ ಎಂದರೆ ಎಷ್ಟು?

ಯುವ ಸಂಸತ್ತಿನಲ್ಲಿ ಯಾರೂ ಎತ್ತದ, ಆದರೆ ಕರಡು ಬರೆಯುವವರ ತಲೆ ಬಿಸಿ ಮಾಡಬೇಕಾದ ಪ್ರಶ್ನೆಯೊಂದಿದೆ. ನಮ್ಮಲ್ಲಿ ವಿಧಾನಸಭೆಗಳು ಪೂರ್ತಿ ಐದು ವರ್ಷ ಬಾಳುತ್ತವೆ ಎಂಬ ಖಾತ್ರಿಯಿಲ್ಲ. 172ನೇ ವಿಧಿ ಐದು ವರ್ಷ ಎನ್ನುತ್ತದೆ, ಅದರ ಜೊತೆಯಲ್ಲೇ ಅದಕ್ಕೂ ಮೊದಲು ವಿಸರ್ಜನೆಯಾಗದಿದ್ದರೆ ಎಂಬ ಷರತ್ತನ್ನೂ ಇಡುತ್ತದೆ. 1983ರ ವಿಧಾನಸಭೆ ಸುಮಾರು ಎರಡೇ ವರ್ಷ ಇತ್ತು. 1985ರದ್ದು 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರದ ವಜಾದೊಂದಿಗೆ ಮುಗಿಯಿತು. 2004ರದ್ದು 2007ರ ನವೆಂಬರಿನಲ್ಲಿ ವಿಸರ್ಜನೆಯಾಯಿತು.

ಇದನ್ನು ನಮ್ಮ ಇಬ್ಬರಿಗೆ ಹಚ್ಚಿ. 1999ರ ಅವಧಿ ಮುಗಿಯುವ ಹೊತ್ತಿಗೆ ಇಬ್ಬರೂ ಮೂರು ಮೂರು ಸಲ ಗೆದ್ದಿದ್ದರು. ಆದರೆ ರಮೇಶ್ ಕುಮಾರ್ ಅವರ ಮೂರು ಅವಧಿ ಸೇರಿ ಹೆಚ್ಚುಕಡಿಮೆ 14 ವರ್ಷ. ವೆಂಕಟಶಿವಾರೆಡ್ಡಿಯವರ ಮೂರು ಅವಧಿ, ಮೊದಲನೆಯದು ಎರಡು ವರ್ಷಕ್ಕೇ ಮೊಟಕಾದದ್ದರಿಂದ, 12 ವರ್ಷಕ್ಕೂ ಕಡಿಮೆ. ಕ್ಯಾಲಿಫೋರ್ನಿಯಾದಂತೆ 12 ವರ್ಷ ಎಂಬ ಮಿತಿ ಹಾಕಿ, 12 ತುಂಬಿದವರು ಸ್ಪರ್ಧಿಸುವಂತಿಲ್ಲ ಎಂದರೆ ಒಬ್ಬರಿಗೆ 2004ರಲ್ಲಿ ಬಾಗಿಲು ಮುಚ್ಚಿರುತ್ತಿತ್ತು, ಇನ್ನೊಬ್ಬರಿಗೆ 2008ರಲ್ಲೂ ತೆರೆದಿರುತ್ತಿತ್ತು. ಮೂರು ಅವಧಿ ಎಂದು ಬರೆದಿದ್ದರೆ ಇಬ್ಬರಿಗೂ ಮುಚ್ಚುತ್ತಿತ್ತು. ಒಂದು ಪದದ ವ್ಯತ್ಯಾಸಕ್ಕೆ ಒಂದು ತಾಲ್ಲೂಕಿನ ಇತಿಹಾಸವೇ ಬೇರೆಯಾಗುತ್ತಿತ್ತು.

ಅಮೆರಿಕದ ಅಧ್ಯಕ್ಷರಿಗೆ ಎರಡು ಅವಧಿಯ ಮಿತಿ ಹಾಕಿದ 22ನೇ ತಿದ್ದುಪಡಿ ಈ ತೊಡಕನ್ನು ಮುಂಚೆಯೇ ಯೋಚಿಸಿತ್ತು: ಇನ್ನೊಬ್ಬರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅಧಿಕಾರದಲ್ಲಿದ್ದರೆ ಆಮೇಲೆ ಒಂದೇ ಸಲ ಆಯ್ಕೆಯಾಗಬಹುದು. ಉಪಚುನಾವಣೆ, ರಾಜೀನಾಮೆ, ಅಕಾಲಿಕ ವಿಸರ್ಜನೆ ಇವೆಲ್ಲ ದಿನನಿತ್ಯದ ಮಾತಾಗಿರುವ ನಮ್ಮಲ್ಲಿ ಇಂಥ ವಿವರಣೆ ಇನ್ನೂ ಹೆಚ್ಚು ಬೇಕು. ಇಲ್ಲದಿದ್ದರೆ ಅವಧಿ ಪೂರ್ಣವಾಯಿತೇ ಇಲ್ಲವೇ ಎಂಬ ವಾದದಲ್ಲೇ ಹೈಕೋರ್ಟಿನ ವರ್ಷಗಳು ಕಳೆಯುತ್ತವೆ.

ಮನೆ ಬದಲಾಯಿಸುವ ದಾರಿಯನ್ನೂ ಮರೆಯಬಾರದು. ವಿಧಾನಸಭೆಗಷ್ಟೇ ಮಿತಿ ಹಾಕಿದರೆ ವಿಧಾನ ಪರಿಷತ್ತಿನ 75 ಸ್ಥಾನಗಳಿವೆ. ಬಸವರಾಜ ಹೊರಟ್ಟಿಯವರು 1980ರಿಂದ ಎಂಟು ಸಲ ಶಿಕ್ಷಕರ ಕ್ಷೇತ್ರದಿಂದ ಪರಿಷತ್ತಿಗೆ ಬಂದಿದ್ದಾರೆ. ಲೋಕಸಭೆಯೂ ಇದೆ: ಕೋಲಾರದಿಂದ ಕೆ.ಎಚ್. ಮುನಿಯಪ್ಪ 1991ರಿಂದ 2014ರವರೆಗೆ ಸತತ ಏಳು ಸಲ ಗೆದ್ದರು, 2019ರಲ್ಲಿ ಸೋತರು, 2023ರಲ್ಲಿ ದೇವನಹಳ್ಳಿಯ ಶಾಸಕರಾಗಿ ಸಚಿವರಾದರು. ರಾಜ್ಯದ ಶಾಸಕರ ಲೆಕ್ಕದಲ್ಲಿ ಅವರು ಹೊಸಬರು.

ತಡೆಯುವ ಅಧಿಕಾರ ಯಾರದು

ಶ್ರೀನಿವಾಸಪುರದ ಶಾಸಕರೊಬ್ಬರ ಹೆಸರು ಈ ವಿಷಯದ ಕಾನೂನಿನಲ್ಲೂ ಬರುತ್ತದೆ. 2019ರ ಜುಲೈನಲ್ಲಿ ಸ್ಪೀಕರ್ ಆಗಿದ್ದ ರಮೇಶ್ ಕುಮಾರ್ 17 ಶಾಸಕರನ್ನು ಪಕ್ಷಾಂತರ ನಿಷೇಧದಡಿ ಅನರ್ಹಗೊಳಿಸಿದರು. ಅನರ್ಹತೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರವರೆಗೆ, ಎಂದೂ ಆದೇಶಿಸಿದರು. ಅದೇ ವರ್ಷ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಇಷ್ಟು ವರ್ಷ ಸ್ಪರ್ಧಿಸಬಾರದು ಎಂದು ಹೇಳುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅನರ್ಹರಾಗಿದ್ದವರಲ್ಲಿ ಹಲವರು ಮತ್ತೆ ಗೆದ್ದು ಬಂದರು. ಪಕ್ಕದ ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಅವರಲ್ಲಿ ಒಬ್ಬರು. 2023ರಲ್ಲಿ ಅದೇ ಕ್ಷೇತ್ರದ ಜನ ಅವರನ್ನು ಸೋಲಿಸಿದರು, 2024ರಲ್ಲಿ ಅವರು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಿಂದ ಗೆದ್ದರು.

ಆ ತೀರ್ಪಿನಿಂದ ಒಂದು ಮಾತು ಸ್ಪಷ್ಟವಾಯಿತು. ಯಾರನ್ನಾದರೂ ಸ್ಪರ್ಧೆಯಿಂದ ದೂರ ಇಡಬೇಕಾದರೆ ಅದಕ್ಕೆ ಸಂವಿಧಾನದಲ್ಲೋ ಸಂಸತ್ತಿನ ಕಾನೂನಿನಲ್ಲೋ ನೆಲೆ ಇರಬೇಕು. ಶಾಸಕರ ಅರ್ಹತೆ 173ನೇ ವಿಧಿಯಲ್ಲಿದೆ, ಅನರ್ಹತೆ 191ರಲ್ಲಿದೆ. ಎರಡೂ ಕಡೆ ಸಂಸತ್ತು ಕಾನೂನಿನ ಮೂಲಕ ಇನ್ನಷ್ಟು ಷರತ್ತು ಸೇರಿಸಬಹುದು ಎಂದಿದೆ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ, 1951ರ ಪ್ರಜಾಪ್ರತಿನಿಧಿ ಕಾಯ್ದೆ ತಿದ್ದಿದರೂ ದಾರಿಯಾಗುತ್ತದೆ. ಸ್ಪರ್ಧಿಸುವುದು ಮೂಲಭೂತ ಹಕ್ಕಲ್ಲ ಎಂದು 2003ರಲ್ಲಿ ಹರಿಯಾಣದ ಇಬ್ಬರು ಮಕ್ಕಳ ನಿಯಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2015ರಲ್ಲಿ ಅದೇ ರಾಜ್ಯದ ಪಂಚಾಯಿತಿ ಅಭ್ಯರ್ಥಿಗಳ ಶಿಕ್ಷಣದ ಷರತ್ತನ್ನೂ ಎತ್ತಿಹಿಡಿದಿದೆ. ಆದರೂ ಇಷ್ಟು ದೊಡ್ಡ ಬದಲಾವಣೆಯನ್ನು ಸರಳ ಬಹುಮತದ ಕಾನೂನಿಗೆ ಬಿಟ್ಟರೆ ಮುಂದಿನ ಸರ್ಕಾರ ಅಷ್ಟೇ ಸುಲಭವಾಗಿ ಕಿತ್ತುಹಾಕುತ್ತದೆ. ತಿದ್ದುಪಡಿಯೇ ಸರಿಯಾದ ದಾರಿ.

ಆದರೆ ಆ ದಾರಿಯಲ್ಲಿ ನನಗೆ ನೋವು ತರುವ ಒಂದು ಸಂಗತಿಯಿದೆ. 368ನೇ ವಿಧಿಯ ಪ್ರಕಾರ ಕೆಲವು ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಅನುಮೋದನೆ ಬೇಕು. ರಾಜ್ಯ ಶಾಸಕಾಂಗದ ರಚನೆ, ಅವಧಿ, ಸದಸ್ಯರ ಅರ್ಹತೆಯ ವಿಧಿಗಳು ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಕರ್ನಾಟಕದ 224 ಶಾಸಕರು ಎಷ್ಟು ಸಲ ನಿಲ್ಲಬಹುದು ಎಂಬುದನ್ನು ಸಂಸತ್ತು, ಕರ್ನಾಟಕವನ್ನು ಒಂದು ಮಾತೂ ಕೇಳದೆ, ವಿಶೇಷ ಬಹುಮತದಿಂದ ತೀರ್ಮಾನಿಸಬಹುದು. ಅದನ್ನು ತೀರ್ಮಾನಿಸುವ ಸಂಸದರಿಗೆ ಯಾವ ಮಿತಿಯೂ ಇರುವುದಿಲ್ಲ. ಏಕಕಾಲದ ಚುನಾವಣೆಗಾಗಿ 2024ರ ಡಿಸೆಂಬರಿನಲ್ಲಿ ಮಂಡನೆಯಾದ 129ನೇ ತಿದ್ದುಪಡಿ ಮಸೂದೆಯ ಚರ್ಚೆಯಲ್ಲೂ ಇದೇ ಅಳುಕು ಕೇಳಿಬಂತು. ಅಮೆರಿಕದಲ್ಲಿ ರಾಜ್ಯದ ಶಾಸಕರ ಮಿತಿಯನ್ನು ಹೆಚ್ಚಿನ ಕಡೆ ಆಯಾ ರಾಜ್ಯದ ಜನರೇ ಮತ ಹಾಕಿ ತಂದರು. ಅಲ್ಲಿನ ಸಂಸತ್ತಿನ ಸದಸ್ಯರಿಗೆ ರಾಜ್ಯಗಳು ಮಿತಿ ಹಾಕುವಂತಿಲ್ಲ ಎಂದು 1995ರಲ್ಲಿ ಅರ್ಕಾನ್ಸಸ್‌ನ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಂಥ ನೇರ ಜನಮತದ ದಾರಿ ನಮ್ಮ ಸಂವಿಧಾನದಲ್ಲಿಲ್ಲ. ಹಾಗಿರುವಾಗ ಕಡೇಪಕ್ಷ ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆಯನ್ನಾದರೂ ಪಡೆಯಬೇಕು, ಮತ್ತು ಮಿತಿ ಸಂಸದರಿಗೂ ಒಟ್ಟಿಗೇ ಬರಬೇಕು.

ಎರಡೇ ಬಣ ಏಕೆ?

ಶ್ರೀನಿವಾಸಪುರದವರನ್ನು ಚುನಾವಣೆ ಬಗ್ಗೆ ಕೇಳಿದರೆ ಪಕ್ಷದ ಹೆಸರಿಗೂ ಮೊದಲು ಬರುವುದು ಸ್ವಾಮಿ, ರೆಡ್ಡಿ ಎಂಬ ಎರಡು ಮಾತು. ಸ್ವಾಮಿ ಎಂದರೆ ರಮೇಶ್ ಕುಮಾರ್. ಇಬ್ಬರೂ ಪಕ್ಷ ಬದಲಿಸಿದ್ದಾರೆ. 1994ರಲ್ಲಿ ಜನತಾ ದಳದಿಂದ ಗೆದ್ದು ಸ್ಪೀಕರ್ ಆದ ಸ್ವಾಮಿಯವರು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಮತ್ತೆ ಸ್ಪೀಕರ್ ಆದರು. ಒಂದು ಕಾಲದಲ್ಲಿ ಕಾಂಗ್ರೆಸ್‌ನಲ್ಲಿದ್ದ ರೆಡ್ಡಿಯವರು ಈಗ ಜೆಡಿಎಸ್. ನಾಯಕರು ಹೋದ ಕಡೆಗೆ ಬಣವೂ ಹೋಯಿತು.

ಬಣ ಇಷ್ಟು ಗಟ್ಟಿಯಾಗಲು ಕಾರಣ ಭಾವನೆಯಷ್ಟೇ ಎಂದು ನಾನು ನಂಬುವುದಿಲ್ಲ. ತಾಲ್ಲೂಕಿನಲ್ಲಿ ಸರ್ಕಾರದ ಸವಲತ್ತು ಹರಿಯುವ ಕಾಲುವೆಗಳ ತೂಬು ಯಾರ ಕೈಯಲ್ಲಿದೆ ನೋಡಿ. ಅನುಮತಿ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಶಾಸಕರು. ನಮೂನೆ 50, 53, 57 ಎಂದು ಅರ್ಜಿ ಹಾಕಿ ವರ್ಷಗಳಿಂದ ಕಾಯುತ್ತಿರುವ ಕುಟುಂಬಕ್ಕೆ ಆ ಸಮಿತಿಯೇ ಸರ್ಕಾರ. ನಿವೇಶನ ಹಂಚಿಕೆಯ ಆಶ್ರಯ ಸಮಿತಿಯಲ್ಲೂ ಅವರೇ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆ ಅವರ ಅಧ್ಯಕ್ಷತೆಯಲ್ಲೇ. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ನಿಧಿಯ ಕಾಮಗಾರಿ ಅವರ ಶಿಫಾರಸಿನ ಮೇಲೆ. ಈ ಸ್ಥಿತಿಯಲ್ಲಿ ನಮ್ಮವರು ಸೋತರೆ ಐದು ವರ್ಷ ನಮ್ಮೂರಿನ ಅರ್ಜಿ ಕೆಳಗೇ ಉಳಿಯುತ್ತದೆ ಎಂಬ ಭಯ ಪ್ರತಿ ಊರಿನಲ್ಲೂ ಇರುತ್ತದೆ. ಆ ಭಯ ಇರುವವರೆಗೆ ಗೆಲ್ಲುವ ಶಕ್ತಿ ಇರುವ ಎರಡು ಕಡೆ ಬಿಟ್ಟು ಮೂರನೆಯವರಿಗೆ ಮತ ಹಾಕುವುದು ಬಡವನಿಗೆ ದುಬಾರಿ.

ನಮ್ಮ ವಿದ್ಯಾರ್ಥಿನಿಯ ಚಿಕ್ಕಪ್ಪ ಮಾವು ಬೆಳೆಗಾರರು. ಶ್ರೀನಿವಾಸಪುರವೆಂದರೆ ಮಾವು ತಾನೇ. 2025ರ ಜೂನ್‌ನಲ್ಲಿ ತೋತಾಪುರಿಯ ಬೆಲೆ ಕುಸಿದಿತ್ತು, ಪಕ್ಕದ ಚಿತ್ತೂರು ಜಿಲ್ಲೆ ನಮ್ಮ ಕಾಯಿಗೆ ಗಡಿಯಲ್ಲೇ ತಡೆ ಹಾಕಿತ್ತು. ಆ ದಿನಗಳನ್ನು ನೆನೆದು ಅವರು ಹೇಳಿದರು: "ಮೇಷ್ಟ್ರೇ, ಆವತ್ತು ನಮಗೆ ಬೇಕಾಗಿದ್ದು ಬೆಂಗಳೂರಲ್ಲಿ, ಡೆಲ್ಲೀಲಿ ಫೋನ್ ಎತ್ತೋ ಮನುಷ್ಯ. ಹೊಸಬ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ತಿಳಿಯೋ ಹೊತ್ಗೆ ಕಾಯಿ ಕೊಳೆತೋಗ್ತದೆ." ಸ್ವಲ್ಪ ಸುಮ್ಮನಿದ್ದು ಅವರೇ ಸೇರಿಸಿದರು: "ಆದ್ರೆ ನಮ್ಮ ಹುಡುಗ್ರು ಕಲಿಯೋದಾದ್ರೂ ಎಲ್ಲಿ?"

ಎಲ್ಲಿ ಕಲಿಯಬೇಕು? ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಲ್ಲಿ. 73ನೇ ತಿದ್ದುಪಡಿ ಕಟ್ಟಿಕೊಟ್ಟ ಮೆಟ್ಟಿಲುಗಳು ಅವು. ಅಲ್ಲಿ ಮೀಸಲಾತಿಯ ಸರದಿ ಇರುವುದರಿಂದ ಒಂದೇ ಕ್ಷೇತ್ರದಲ್ಲಿ ಒಬ್ಬರೇ ಬೇರು ಬಿಡುವುದು ಕಷ್ಟ. ದಲಿತ ಹೆಣ್ಣುಮಗಳೊಬ್ಬಳು ಅಧ್ಯಕ್ಷೆಯಾಗಿ ಸಭೆ ನಡೆಸುವುದನ್ನು ಕೋಲಾರದಂಥ ಜಿಲ್ಲೆ ನೋಡಿದ್ದು ಈ ಸರದಿಯಿಂದಲೇ. ಅವಧಿ ಮಿತಿಯ ಒಳ್ಳೆಯ ಫಲವೆಲ್ಲ ಅಲ್ಲಿ ಆಗಲೇ ಇತ್ತು. ಆದರೆ ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಿ ಎಂದು 243ಇ ವಿಧಿ ಹೇಳುತ್ತದೆ. ಆ ಮಾತಿಗೇ ಬೆಲೆ ಸಿಗದ ರಾಜ್ಯದಲ್ಲಿ ಇನ್ನೊಂದು ತಿದ್ದುಪಡಿ ಕೇಳುತ್ತಿದ್ದೇವೆ ಎಂಬುದು ನನಗೆ ಸಂಕಟದ ವಿಷಯ. ಈ ವರ್ಷಗಳಲ್ಲಿ ತಾಲ್ಲೂಕಿನಲ್ಲಿ ಜನ ಆರಿಸಿದ ಇನ್ನೊಂದು ದನಿ ಇಲ್ಲದೆ ಶಾಸಕರ ಕೈಗೆ ಇನ್ನಷ್ಟು ಅಧಿಕಾರ ಜಮೆಯಾಯಿತು. ಇಪ್ಪತ್ತೆಂಟು ಮೂವತ್ತರ ವಯಸ್ಸಿನಲ್ಲಿ ತಾಲ್ಲೂಕು ಪಂಚಾಯಿತಿಗೆ ನಿಂತು ಹೆಸರು ಮಾಡಬೇಕಿದ್ದ ಒಂದು ತಲೆಮಾರು ಯಾರದೋ ಬಣದ ಫ್ಲೆಕ್ಸ್‌ನಲ್ಲಿ ಸಣ್ಣ ಫೋಟೊ ಆಗಿ ಉಳಿಯಿತು.

ಜೀವಮಾನದ ಮಿತಿ ಬಂದರೆ ಆ ಜಾಗಕ್ಕೆ ಬರುವವರು ಇಂಥ ಯುವಕರೇ ಎಂದು ಹೇಳಲಾಗದು. ಕೆಜಿಎಫ್‌ನಲ್ಲಿ 2018 ಮತ್ತು 2023ರಲ್ಲಿ ಗೆದ್ದ ರೂಪಕಲಾ ಶಶಿಧರ್ ಮುನಿಯಪ್ಪನವರ ಮಗಳು. ಚಿಂತಾಮಣಿಯಲ್ಲಿ ಆಂಜನೇಯರೆಡ್ಡಿ, ಅವರ ಮಗ ಚೌಡರೆಡ್ಡಿ, ಮೊಮ್ಮಗ ಎಂ.ಸಿ. ಸುಧಾಕರ್, ಮೂರು ತಲೆಮಾರು ಶಾಸಕರಾದರು. ಇವರೆಲ್ಲ ಜನರ ಮತದಿಂದಲೇ ಬಂದವರು, ಅವರ ಯೋಗ್ಯತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ವ್ಯಕ್ತಿಯನ್ನು ಎಣಿಸುವ ಕಾನೂನಿಗೆ ಮನೆತನ ಕಾಣುವುದಿಲ್ಲ, ಬಣ ಕಾಣುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಪಕ್ಷಗಳು ಮನಸ್ಸು ಮಾಡಿದರೆ ಕಾನೂನಿಗೂ ಕಾಯಬೇಕಿಲ್ಲ. 2021ರಲ್ಲಿ ಕೇರಳದ ಸಿಪಿಎಂ ಸತತ ಎರಡು ಸಲ ಗೆದ್ದವರಿಗೆ ಟಿಕೆಟ್ ಇಲ್ಲ ಎಂದು ನಿಯಮ ಮಾಡಿ ಹಣಕಾಸು ಸಚಿವರಾಗಿದ್ದ ಥಾಮಸ್ ಐಸಾಕ್ ಅವರಿಗೂ ಟಿಕೆಟ್ ಕೊಡಲಿಲ್ಲ, ಆ ಚುನಾವಣೆಯನ್ನೂ ಗೆದ್ದಿತು. ಸಹಕಾರಿ ಬ್ಯಾಂಕುಗಳ ನಿರ್ದೇಶಕರಿಗೆ ಸತತ 8 ವರ್ಷದ ಮಿತಿಯಿತ್ತು, 2025ರಲ್ಲಿ ಅದನ್ನು 10ಕ್ಕೆ ಏರಿಸಲಾಯಿತು. ಬಿಸಿಸಿಐ ಪದಾಧಿಕಾರಿಗಳಿಗೂ ಲೋಧಾ ಸಮಿತಿಯ ಶಿಫಾರಸಿನಿಂದ ಮಿತಿ ಬಂತು. ಹಾಗಾಗಿ ಮಿತಿ ಎಂಬುದು ನಮ್ಮ ದೇಶಕ್ಕೆ ಹೊಸ ಕಲ್ಪನೆಯೇನೂ ಅಲ್ಲ.

ತಿದ್ದಿದ ಕರಡು

ಇಷ್ಟೆಲ್ಲ ಚರ್ಚೆಯಾದ ಮೇಲೆ ವಿದ್ಯಾರ್ಥಿಗಳು ಕರಡನ್ನು ತಿದ್ದಿದರು. ಸತತ ಎಂಬ ಪದ ಹೋಯಿತು. ಅವಧಿಯ ಬದಲು ವರ್ಷಗಳ ಲೆಕ್ಕ ಬಂತು: ವಿಧಾನಸಭೆ, ಪರಿಷತ್ತು ಎರಡೂ ಸೇರಿ 15 ವರ್ಷ ತುಂಬಿದವರು ಮತ್ತೆ ಸ್ಪರ್ಧಿಸುವಂತಿಲ್ಲ, ನಡುವೆ ತುಂಬಿದರೆ ಆ ಅವಧಿ ಮುಗಿಸಬಹುದು. ಸಂಸದರಿಗೂ ಇದೇ ಲೆಕ್ಕ. ಸದಸ್ಯರಲ್ಲದವರು ಆರು ತಿಂಗಳು ಮಂತ್ರಿಯಾಗಿರಲು ಅವಕಾಶ ಕೊಡುವ 164ನೇ ವಿಧಿಯ ಕಿಂಡಿ ಇಂಥವರಿಗೆ ಮುಚ್ಚಬೇಕು. 15 ವರ್ಷವನ್ನು ನಾನು ಒಪ್ಪುತ್ತೇನೆ. ಒಂದು ನೀರಾವರಿ ಯೋಜನೆಯನ್ನು ಹಿಡಿದು ದಡ ಸೇರಿಸಲು ಅಷ್ಟು ಕಾಲ ಬೇಕು, ಒಂದು ತಾಲ್ಲೂಕು ಹೊಸ ಮುಖ ಕಾಣಲು ಅದಕ್ಕಿಂತ ಹೆಚ್ಚು ಕಾಯಬಾರದು.

ಒಂದು ಪ್ರಶ್ನೆಯಲ್ಲಿ ಮಾತ್ರ ತರಗತಿ ಎರಡಾಯಿತು, ಒಮ್ಮತ ಬರಲಿಲ್ಲ. ಈಗಾಗಲೇ ಕಳೆದ ವರ್ಷಗಳನ್ನು ಎಣಿಸಬೇಕೇ? ಅಮೆರಿಕದ 22ನೇ ತಿದ್ದುಪಡಿ ಆಗ ಅಧಿಕಾರದಲ್ಲಿದ್ದ ಟ್ರೂಮನ್ ಅವರಿಗೆ ವಿನಾಯಿತಿ ಕೊಟ್ಟಿತು. ಕ್ಯಾಲಿಫೋರ್ನಿಯಾವೂ ಹಳೆಯ ವರ್ಷಗಳನ್ನು ಎಣಿಸಲಿಲ್ಲ. ಮತ ಹಾಕಬೇಕಾದವರೇ ಹಾಲಿ ಸದಸ್ಯರಾದ್ದರಿಂದ ನಮ್ಮಲ್ಲೂ ಹಾಗೇ ಬರೆಯುವ ಒತ್ತಡ ಇದ್ದೇ ಇರುತ್ತದೆ. ಹಾಗೆ ಬರೆದರೆ ರಮೇಶ್ ಕುಮಾರ್ ಅವರಂತೆ ಸುಮಾರು 27 ವರ್ಷ ಶಾಸಕರಾಗಿದ್ದವರಿಗೂ ಹೊಸದಾಗಿ 15 ವರ್ಷ ಸಿಗುತ್ತದೆ, ಮಿತಿಯ ಮೊದಲ ಫಲ ಕಾಣಲು ಒಂದೂವರೆ ದಶಕ ಬೇಕು. ನನ್ನ ನಿಲುವು: ಹಳೆಯ ವರ್ಷಗಳನ್ನು ಎಣಿಸಬೇಕು, ಆದರೆ ಮಿತಿ ದಾಟಿದವರಿಗೂ ಇನ್ನೊಂದೇ ಒಂದು ಚುನಾವಣೆಗೆ ಅವಕಾಶವಿರಬೇಕು, ಆ ಐದು ವರ್ಷದಲ್ಲಿ ಕಿರಿಯರನ್ನು ತಯಾರು ಮಾಡಲಿ.

ಮತ್ತು ಜಾರಿಯ ದಿನಾಂಕದ ಬಗ್ಗೆ ಒಂದು ಷರತ್ತು. ಆ ರಾಜ್ಯದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆ ನಡೆದು ಸದಸ್ಯರು ಪ್ರಮಾಣ ಸ್ವೀಕರಿಸಿದ ಮೇಲಷ್ಟೇ ತಿದ್ದುಪಡಿ ಜಾರಿಗೆ ಬರಬೇಕು, ಬಗರ್ ಹುಕುಂ ಮತ್ತು ಆಶ್ರಯ ಸಮಿತಿಗಳಲ್ಲಿ ಆ ಸದಸ್ಯರಿಗೆ ಕಡ್ಡಾಯ ಸ್ಥಾನ ಇರಬೇಕು. ಶ್ರೀನಿವಾಸಪುರದ ಆ ವಿದ್ಯಾರ್ಥಿನಿ ಈ ಷರತ್ತನ್ನು ಕರಡಿನ ಕೊನೆಗೆ ಸೇರಿಸಿದ್ದಳು. ನಾನು ಅದನ್ನು ಮೊದಲ ಕಲಮಿಗೆ ತರಲು ಹೇಳಿದೆ.